ಚಾಪೆ ಅರ್ಧಕ್ಕೆ ನಿಂತ ವರ್ಷ

ಇಪ್ಪತ್ತೆರಡು ಜನರ ರಕ್ತವನ್ನು ನಾನು ಒಂದೇ ಬೆಳಿಗ್ಗೆ ಕೆಡಿಸಿದೆ. ಬೇಕೆಂದು ಮಾಡಿದ್ದಲ್ಲ. ಆದರೆ ಕೆಡಿಸಿದವಳು ನಾನೇ, ಬೇರೆ ಯಾರೂ ಅಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಮಿಕ್ಕಿದ್ದನ್ನು ಹೇಳುವುದು ಸುಲಭ.

ಟೀವಿಯಲ್ಲಿ ದಿನಾ ಜೀಕಾ ಜ್ವರದ ಸುದ್ದಿ ಬರುತ್ತಿದ್ದ ಬೇಸಿಗೆ ಅದು. ನಾನು ಅಮೆರಿಕದಲ್ಲಿ, ಡಲ್ಲಾಸ್ ಪಕ್ಕದ ಪ್ಲೇನೋದಲ್ಲಿ ಮಗಳ ಮನೆಯಲ್ಲಿದ್ದೆ. ಮಗಳಿಗೆ ಪರಿಚಯದ ಒಬ್ಬಳು ಹುಡುಗಿ, ಧಾರವಾಡದ ಕಡೆಯವಳು, ಹ್ಯೂಸ್ಟನ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ಸೊಳ್ಳೆಯಿಂದ ಬರುವ ಜ್ವರಗಳೇ ಅವಳ ಓದು. ಶಾಂತ ಸಾಗರದ ನಡುವೆ ಸಣ್ಣ ಸಣ್ಣ ದ್ವೀಪಗಳಿವೆ, ಅಲ್ಲಿ ಡೆಂಗ್ಯೂ, ಚಿಕೂನ್‌ಗುನ್ಯಾ, ಜೀಕಾ ಒಂದರ ಬೆನ್ನಿಗೆ ಒಂದು ಬಂದು ಹೋಗುತ್ತವೆ, ಯಾರಿಗೆ ಯಾವುದು ಬಂತು, ಯಾವಾಗ ಬಂತು ಎಂದು ಸರಿಯಾಗಿ ಬರೆದಿಟ್ಟವರಿಲ್ಲ ಎಂದು ಅವಳೇ ನನಗೆ ವಿವರಿಸಿದಳು. ಅಂಥ ಒಂದು ದ್ವೀಪದ ಎಷ್ಟೋ ಸಂಸಾರಗಳು ಡಲ್ಲಾಸ್ ಏರ್‌ಪೋರ್ಟಿನ ಪಕ್ಕದ ಊರಿಗೆ ಬಂದು ನೆಲೆಸಿವೆ. ಗಂಡಸರು ಏರ್‌ಪೋರ್ಟಿನಲ್ಲಿ ಲಗೇಜು ಎತ್ತುತ್ತಾರೆ, ಹೆಂಗಸರು ಶನಿವಾರ ಚರ್ಚಿನ ಹಾಲಿನಲ್ಲಿ ಸೇರಿ ಚಾಪೆ ಹೆಣೆಯುತ್ತಾರೆ. ದ್ವೀಪಕ್ಕೆ ಹೋಗಿ ಬರುವ ಅನುಕೂಲ ಹುಡುಗಿಗಿರಲಿಲ್ಲ. ದ್ವೀಪವೇ ಇಲ್ಲಿಗೆ ಬಂದಿದೆಯಲ್ಲ ಎಂದು ಇಲ್ಲೇ ಕೆಲಸ ಹೂಡಿದಳು.

ಅರವತ್ತು ಜನ ಬೇಕಿತ್ತು. ಒಬ್ಬೊಬ್ಬರ ಬೆರಳ ತುದಿಯ ರಕ್ತ, ಜೊತೆಗೆ ಒಂದಷ್ಟು ಪ್ರಶ್ನೆಗಳಿಗೆ ಉತ್ತರ. ಯಾವ ಜ್ವರ ಬಂದಿತ್ತು ಎನ್ನುವುದನ್ನು ರಕ್ತ ಹೇಳುತ್ತದೆ. ಯಾವಾಗ ಬಂದಿತ್ತು ಎನ್ನುವುದನ್ನು ಬಾಯಿ ಹೇಳಬೇಕು. ಎರಡೂ ಸೇರಿದರೆ ಮಾತ್ರ ಅವಳ ಪಿಎಚ್‌ಡಿ.

ಹುಡುಗಿ ಕಡ್ಡಿಯಂತೆ ಇದ್ದಳು, ನೋಡಿದವರು ಹೈಸ್ಕೂಲು ಅಂದುಕೊಳ್ಳುತ್ತಿದ್ದರು. ಆ ಚರ್ಚಿನ ಹೆಂಗಸರು ಅವಳಿಗೆ ಹಣ್ಣು ಕೊಟ್ಟು ಕಳಿಸುತ್ತಿದ್ದರೇ ಹೊರತು ಬೆರಳು ಕೊಡುತ್ತಿರಲಿಲ್ಲ. ಜೊತೆಗೆ ವಯಸ್ಸಾದವರೊಬ್ಬರು ಇದ್ದರೆ ಒಳ್ಳೆಯದು ಎಂದು ನನ್ನ ಮಗಳ ಹತ್ತಿರ ಹೇಳಿದಳಂತೆ. ಮಗಳು ತಡ ಮಾಡಲಿಲ್ಲ.

"ನಮ್ಮಮ್ಮನ್ನ ಕರ್ಕೊಂಡು ಹೋಗು. ಮನೇಲಿ ಕೂತು ದಿನಾ ನನ್ನ ಪಾತ್ರೆಗಳ ಜಾಗ ಬದಲಾಯಿಸ್ತಿದ್ದಾರೆ" ಅಂದಳು.

ಹಾಗೆ ನಾನು ಕೆಲಸಕ್ಕೆ ಸೇರಿದೆ. ಓದಿದ್ದು ಮೂರನೇ ಕ್ಲಾಸು. ಜನರ ರಕ್ತದ ಹತ್ತಿರ ಕೂರಬೇಕಾದರೆ ಕಂಪ್ಯೂಟರಿನಲ್ಲಿ ಒಂದು ಪಾಠ ಮುಗಿಸಿ ಪರೀಕ್ಷೆ ಕೊಡಬೇಕು ಎಂದರು. ಮಗಳು ಓದಿ ಕನ್ನಡದಲ್ಲಿ ಹೇಳಿದಳು, ನಾನು ಉತ್ತರ ಹೇಳಿ ಗುಂಡಿ ಒತ್ತಿದೆ. ಯಾರನ್ನೂ ಬಲವಂತ ಮಾಡಬಾರದು, ಒಬ್ಬರ ವಿಷಯ ಇನ್ನೊಬ್ಬರಿಗೆ ಹೇಳಬಾರದು, ಬೇಡ ಅಂದವರನ್ನು ಬಿಡಬೇಕು. ಇಷ್ಟನ್ನು ಹೇಳಲು ಅವರು ಮೂರು ಗಂಟೆ ತೆಗೆದುಕೊಂಡರು. ಪಾಸಾದೆ.

ಕೆಲಸದ ಕ್ರಮ ಹೀಗೆ. ಅಂಚೆ ಕಾರ್ಡಿನಷ್ಟು ದಪ್ಪ ಕಾಗದ, ಅದರ ಮೇಲೆ ಐದು ವೃತ್ತ. ಕೈ ತಣ್ಣಗಿದ್ದರೆ ರಕ್ತ ಬರುವುದಿಲ್ಲ, ಆದ್ದರಿಂದ ಮೊದಲು ಕೈ ಉಜ್ಜಿ ಬೆಚ್ಚಗೆ ಮಾಡಬೇಕು. ಅದು ನನ್ನ ಕೆಲಸ. ಸ್ಪಿರಿಟ್ಟಿನಿಂದ ಒರೆಸಿ, ಅದು ಆರಿದ ಮೇಲೆ ಹುಡುಗಿ ಉಂಗುರದ ಬೆರಳಿನ ಪಕ್ಕಕ್ಕೆ ಚುಚ್ಚುತ್ತಾಳೆ. ಮೊದಲ ಹನಿಯನ್ನು ಒರೆಸಿ ಎಸೆಯಬೇಕು. ಎರಡನೆಯ ಹನಿ ತಾನಾಗಿ ದಪ್ಪಗಾಗಿ ಕಾಗದಕ್ಕೆ ಇಳಿಯಬೇಕು, ಬೆರಳು ಕಾಗದಕ್ಕೆ ತಾಕಬಾರದು. ಒಂದು ವೃತ್ತಕ್ಕೆ ಒಂದೇ ಹನಿ. ಸಾಲದು ಎಂದು ಮೇಲೆ ಇನ್ನೊಂದು ಹಾಕಿದರೆ ಕೆಟ್ಟಿತು. ಆಮೇಲೆ ನಾನು ಹತ್ತಿ ಒತ್ತಿ ಹಿಡಿದು, ಕಾರ್ಡನ್ನು ತಟ್ಟೆ ಸ್ಟ್ಯಾಂಡಿನಂಥ ಒಂದು ಸ್ಟ್ಯಾಂಡಿನಲ್ಲಿ ಅಡ್ಡ ಮಲಗಿಸಬೇಕು. ನಾಲ್ಕು ಗಂಟೆ ಆರಬೇಕು. ಆರಿದ ಮೇಲೆ ಒಂದೊಂದನ್ನೂ ಒಂದೊಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ತೇವ ಹೀರುವ ಮಣಿಗಳ ಪೊಟ್ಟಣ ಇಟ್ಟು ಮುಚ್ಚಬೇಕು. ಮಣಿ ನೀಲಿ ಇದ್ದರೆ ಸರಿ, ಗುಲಾಬಿಗೆ ತಿರುಗಿದರೆ ಒಳಗೆ ತೇವ ಇದೆ, ಪೊಟ್ಟಣ ಬದಲಿಸಬೇಕು. ಉಪ್ಪಿನಕಾಯಿ ಭರಣಿ ಕಾಯ್ದವಳಿಗೆ ಇದನ್ನೇನೂ ಹೇಳಿಕೊಡಬೇಕಾಗಿರಲಿಲ್ಲ.

ಮೊದಲ ಶನಿವಾರ ಚರ್ಚಿನ ಹಾಲಿಗೆ ಹೋದಾಗ ಇದ್ದದ್ದು ಒಂದೇ ಕುರ್ಚಿ. ಅದರಲ್ಲಿ ಹೆಂಗಸರ ಗುಂಪಿನ ಹಿರಿಯಾಕೆ ಕೂತಿದ್ದಳು. ನನ್ನ ವಯಸ್ಸು, ನನ್ನ ಎರಡರಷ್ಟು ಗಾತ್ರ. ಮಿಕ್ಕವರೆಲ್ಲ ನೆಲದಲ್ಲಿ. ಹಿರಿಯಾಕೆಯ ಸೊಸೆಗೆ ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು, ಆಕೆ ಹೇಳಿದ್ದನ್ನು ಸೊಸೆ ಇಂಗ್ಲಿಷಿಗೆ ಮಾಡಿದರೆ ಹುಡುಗಿ ನನಗೆ ಕನ್ನಡಕ್ಕೆ ಮಾಡುತ್ತಿದ್ದಳು. ಎರಡು ಬಾಯಿ ದಾಟಿ ಬಂದರೂ ಹಿರಿಯಾಕೆಯ ಮಾತು ಮೊನಚಾಗಿಯೇ ಇರುತ್ತಿತ್ತು.

ನಾನು ನೆಲದಲ್ಲಿ ಚಕ್ಕಂಬಕ್ಕಳ ಹಾಕಿ ಕೂತೆ. ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಂಡು ಜಾಗ ಬಿಟ್ಟರು. ಚಾಪೆಯ ಎಲೆ ಮುಟ್ಟಿ ನೋಡಿದೆ, ನಮ್ಮ ಕೇದಗೆಯ ಜಾತಿಯದೇ, ಸೀಳಿ ಒಣಗಿಸಿ ರೇಷ್ಮೆಯಷ್ಟು ನಯ ಮಾಡಿದ್ದರು. ಊರಿಂದ ಸುರುಳಿ ಸುತ್ತಿ ತರಿಸುತ್ತಾರಂತೆ. ಅರ್ಧ ಗಂಟೆಯಲ್ಲಿ ಮೊದಲ ಬೆರಳು ಮುಂದೆ ಬಂತು.

ಆ ಮೊದಲನೆಯವಳಿಗೆ ರಕ್ತ ನಿಲ್ಲಲಿಲ್ಲ. ಹತ್ತಿ ಒದ್ದೆಯಾಯಿತು, ಇನ್ನೊಂದು ಹತ್ತಿ ಒದ್ದೆಯಾಯಿತು. ನನ್ನ ಪರ್ಸಿನಲ್ಲಿ ಅರಿಶಿನದ ಚಿಕ್ಕ ಡಬ್ಬಿ ಯಾವಾಗಲೂ ಇರುತ್ತದೆ. ಯೋಚನೆ ಮಾಡಿ ತೆಗೆದದ್ದಲ್ಲ. ಕೈ ತಾನಾಗಿ ಹೋಯಿತು, ಚಿಟಿಕೆ ತೆಗೆದು ಒತ್ತಿದೆ, ನಿಂತಿತು. ಆ ಹೆಂಗಸು ಬೆರಳು ಮೂಸಿ ಏನೋ ಕೂಗಿ ಹೇಳಿದಳು, ಎಲ್ಲರೂ ನಕ್ಕರು. ಅವರ ದ್ವೀಪದಲ್ಲೂ ಅರಿಶಿನ ಇದೆಯಂತೆ, ಬಾಣಂತಿಯರಿಗೆ ಹಚ್ಚುತ್ತಾರಂತೆ. ಆಮೇಲೆ ಕೇಳಬೇಕೆ. ರಕ್ತ ನಿಂತವರೂ ಅರಿಶಿನ ಬೇಕು ಅಂದರು. ಹುಡುಗಿ ಆ ಕಡೆ ತಿರುಗಿ ಪ್ರಶ್ನೆ ಕೇಳುತ್ತಿದ್ದಳು, ಅವಳಿಗೆ ಗೊತ್ತಾಗಲಿಲ್ಲ. ನಾನು ಬೆರಳಿಗೆ ಅರಿಶಿನ ಒತ್ತುವುದು, ಅದೇ ಕೈಯಲ್ಲಿ ಕಾರ್ಡು ಎತ್ತಿ ಸ್ಟ್ಯಾಂಡಿಗೆ ಇಡುವುದು, ಮತ್ತೆ ಅರಿಶಿನ, ಮತ್ತೆ ಕಾರ್ಡು. ಇಪ್ಪತ್ತೆರಡು ಜನ. ಒಳ್ಳೆಯ ಶಕುನ ಎಂದುಕೊಂಡು ಮನೆಗೆ ಬಂದೆ.

ಗುರುವಾರ ಹ್ಯೂಸ್ಟನ್‌ನಿಂದ ಫೋನು ಬಂತು.

"ಅಜ್ಜಿ, ನಿಮ್ಮ ಪರ್ಸಿನ್ಯಾಗ ಏನದರಿ?"

"ಏನಿರತ್ತೆ. ಮಾತ್ರೆ, ಬಾಚಣಿಗೆ, ಅರಿಶಿನದ ಡಬ್ಬಿ."

ಹುಡುಗಿ ಹೇಳಿದಳು: "ಅಜ್ಜಿ, ಕಾಗದಕ್ಕೂ ಡೆಂಗ್ಯೂ ಬಂದದರಿ."

ಅವಳು ವಿವರಿಸಿದ್ದು ಇಷ್ಟು. ಕಾರ್ಡಿನಿಂದ ರಕ್ತದ ಒಂದು ಬಿಲ್ಲೆ ಕತ್ತರಿಸಿ ನೀರಿನಂಥ ಮದ್ದಿನಲ್ಲಿ ನೆನೆಸುತ್ತಾರೆ. ಆ ನೀರನ್ನು ಸಣ್ಣ ಸಣ್ಣ ಕುಳಿಗಳಿರುವ ತಟ್ಟೆಗೆ ಹಾಕಿ, ಮೇಲೆ ಬೇರೆ ಬೇರೆ ಮದ್ದು ಹಾಕುತ್ತಾ ಹೋಗುತ್ತಾರೆ. ಕೊನೆಗೆ ಹಳದಿ ಬಂದರೆ ಆ ಜ್ವರ ಒಂದು ಕಾಲಕ್ಕೆ ಮೈಗೆ ಬಂದಿತ್ತು ಎಂದು ಅರ್ಥ. ಹಳದಿ ಎಷ್ಟು ಗಾಢ ಎಂದು ಯಂತ್ರ ಅಳೆಯುತ್ತದೆ. ನನ್ನ ಕಾರ್ಡುಗಳೆಲ್ಲ ಹಳದಿ ಬಂದವು. ಹುಡುಗಿಗೆ ಅನುಮಾನ ಬಂದು ರಕ್ತವೇ ಬೀಳದ ಅಂಚಿನ ಕಾಗದವನ್ನು ಕತ್ತರಿಸಿ ಹಾಕಿದಳು. ಅದೂ ಹಳದಿ.

ಅವಳ ಮೇಲೆ ಒಬ್ಬರು ಮೇಡಂ ಇದ್ದರು, ಅವಳ ಗೈಡು. ಅವರಿಗೆ ಹೇಳಲೇಬೇಕು, ಏನು ಹೇಳುವುದೋ ತಿಳಿಯದು ಎಂದು ಹುಡುಗಿ ಅಳುವ ಹಾಗಿದ್ದಳು. ಕೆಡಿಸಿದವಳು ನಾನು, ಹೇಳುವವಳೂ ನಾನೇ ಅಂದೆ. ಶನಿವಾರ ಡಲ್ಲಾಸಿಗೆ ಬಂದವಳು ಭಾನುವಾರ ನನ್ನನ್ನು ಕಾರಿನಲ್ಲಿ ಹ್ಯೂಸ್ಟನ್‌ಗೆ ಕರೆದುಕೊಂಡು ಹೋದಳು. ರಂಜಾನ್ ಉಪವಾಸದ ದಿನಗಳು. ಅವಳು ಗುಟುಕು ನೀರೂ ಕುಡಿಯದೆ ಆ ಬಿಸಿಲಲ್ಲಿ ನಾಲ್ಕೂವರೆ ಗಂಟೆ ಡ್ರೈವ್ ಮಾಡಿದಳು. ನಾನು ಮಾತ್ರ ಅಲ್ಲಿ ನಮ್ಮವರ ಅಂಗಡಿಗಳಿರುವ ಹಿಲ್‌ಕ್ರಾಫ್ಟ್ ಬೀದಿಯಲ್ಲಿ ಇಳಿದು ಮಸಾಲೆ ದೋಸೆ ತಿಂದೆ. ಕೆಡಿಸಿದ್ದು ಕೆಟ್ಟಿತ್ತು, ಹಸಿದುಕೊಂಡಿದ್ದರೆ ಅದು ಸರಿಯಾಗುತ್ತಿತ್ತೇ.

ಸೋಮವಾರ ಬೆಳಿಗ್ಗೆ ಮೇಡಂ ಕೋಣೆಗೆ ಹೋದೆವು. ಎತ್ತರದ ಹೆಂಗಸು. ಬಿಳಿ ಕೂದಲನ್ನು ಗಂಡಸರ ಹಾಗೆ ಕತ್ತರಿಸಿದ್ದರು, ಕಾಲಿಗೆ ಮೊಣಕಾಲವರೆಗಿನ ಚರ್ಮದ ಬೂಟು. ನಾನು ಡಬ್ಬಿ ತೆಗೆದು ಅವರ ಮೇಜಿನ ಮೇಲಿಟ್ಟೆ. "ಐ ಮಿಸ್ಟೇಕ್" ಅಂದೆ. ಅವರು ಡಬ್ಬಿ ತೆರೆದು ನೋಡಿದರು, ಹುಡುಗಿಯನ್ನು ನೋಡಿದರು, ನಗು ಬಂದದ್ದನ್ನು ತಡೆದುಕೊಂಡರು. ಆದರೆ ಹೇಳಿದ್ದು ನಗುವ ವಿಷಯವಾಗಿರಲಿಲ್ಲ. ಇಪ್ಪತ್ತೆರಡು ಕಾರ್ಡೂ ರದ್ದು. ಆಗಸ್ಟ್ ಕೊನೆಯೊಳಗೆ ಅರವತ್ತು ಜನರ ಶುದ್ಧ ಕಾರ್ಡು, ಜೊತೆಗೆ ಯಾವ ಕಾಲದಲ್ಲಿ ಜ್ವರ ಬಂತು ಎಂಬ ಉತ್ತರ ಬರಬೇಕು. ಒಂದು ಕಡಿಮೆಯಾದರೂ ಡಲ್ಲಾಸಿನ ಕೆಲಸ ಮುಚ್ಚಿ, ಹುಡುಗಿ ಬೇರೊಬ್ಬರ ಪ್ರಯೋಗಕ್ಕೆ ಸೇರಿ ಮೊದಲಿಂದ ಶುರು ಮಾಡಬೇಕು. ಎರಡು ವರ್ಷದ ಅವಳ ದುಡಿಮೆ ಅಲ್ಲಿಗೆ ಮುಗಿದ ಹಾಗೆ.

ವಾಪಸ್ಸು ಬರುವಾಗ ಅವಳು ಒಂದೇ ಮಾತು ಆಡಿದಳು: "ಇನ್ನ ಮ್ಯಾಲೆ ಕೈಗೆ ಗ್ಲೌಸ್ ರಿ, ಅಜ್ಜಿ."

"ಎರಡು ಜೊತೆ ಹಾಕ್ಕೋತೀನಿ" ಅಂದೆ.

ಮುಂದಿನ ಶನಿವಾರ ಹಾಲಿನಲ್ಲಿ ಹಿರಿಯಾಕೆಯ ಎದುರು ನಿಂತು ಇದ್ದದ್ದು ಇದ್ದ ಹಾಗೆ ಹೇಳಿದೆವು. ಅವಳು ಕುರ್ಚಿಯಿಂದ ಅಲ್ಲಾಡಲಿಲ್ಲ. ನಮ್ಮ ರಕ್ತ ಬಿಟ್ಟಿ ಬಿದ್ದಿದೆಯಾ ಅಂದಳು. ಬಿಟ್ಟಿ ಬಿದ್ದಿಲ್ಲ, ನಾನು ಕೆಡಿಸಿದೆ, ಇನ್ನೊಮ್ಮೆ ಕೇಳಲು ನಾಚಿಕೆಯಾಗುತ್ತದೆ, ಆದರೂ ಕೇಳುತ್ತಿದ್ದೇನೆ ಅಂದೆ. ಅವಳು ಯೋಚಿಸಿ, ಬೇಕಾದವರು ಕೊಡಲಿ, ನಾನಂತೂ ಕೊಡುವುದಿಲ್ಲ, ನನಗೆ ಯಾವ ಜ್ವರವೂ ಬಂದಿಲ್ಲ ಅಂದಳು. ಕಂಪ್ಯೂಟರಿನಲ್ಲಿ ಕಲಿತದ್ದು ನೆನಪಿತ್ತು, ಬೇಡ ಅಂದವರನ್ನು ಬಿಡಬೇಕು. ಬಿಟ್ಟೆ. ಮೊದಲು ಚುಚ್ಚಿಸಿಕೊಂಡ ಇಪ್ಪತ್ತೆರಡು ಜನರಲ್ಲಿ ಇಪ್ಪತ್ತು ಜನ ಮತ್ತೆ ಬೆರಳು ಕೊಟ್ಟರು. ಹೊಸಬರೂ ಬಂದರು. ಜುಲೈ ಮುಗಿಯುವಷ್ಟರಲ್ಲಿ ನಲವತ್ತೊಂದು ಕಾರ್ಡು, ಒಂದರಲ್ಲೂ ಹಳದಿಯ ಗುರುತಿಲ್ಲ.

ಆಗ ಎರಡನೆಯ ತೊಂದರೆ ತಲೆಯೆತ್ತಿತು. ರಕ್ತ ಹೌದು ಅನ್ನುತ್ತಿತ್ತು, ಬಾಯಿ ಇಲ್ಲ ಅನ್ನುತ್ತಿತ್ತು. ಚಿಕೂನ್‌ಗುನ್ಯಾದ ಗುರುತು ಹೆಚ್ಚುಕಡಿಮೆ ಎಲ್ಲರ ಕಾರ್ಡಿನಲ್ಲೂ ಇತ್ತು. ಆದರೆ ಪ್ರಶ್ನೆಪತ್ರದಲ್ಲಿ "ಕೀಲು ನೋವಿನೊಂದಿಗೆ ತೀವ್ರ ಜ್ವರ ಬಂದಿತ್ತೇ, ಬಂದಿದ್ದರೆ ಯಾವಾಗ" ಎಂದು ಕೇಳಿದರೆ ಒಬ್ಬೊಬ್ಬರೂ ತಲೆ ಅಲ್ಲಾಡಿಸುತ್ತಿದ್ದರು. ನೋವು ಯಾರಿಗಿಲ್ಲ, ಜ್ವರ ಎಲ್ಲರಿಗೂ ಬರುತ್ತದೆ, ಹೋಗುತ್ತದೆ. ಹುಡುಗಿ ಕಾರ್ಡಿನ ರಾಶಿ ಇಟ್ಟುಕೊಂಡು ತಲೆ ಮೇಲೆ ಕೈ ಹೊತ್ತಳು. ಯಾವಾಗ ಎಂದು ತಿಳಿಯದ ರಕ್ತ ಮೇಡಂಗೆ ಬೇಡ.

ನಾನು ಸೊಸೆಯನ್ನು ನೋಡುತ್ತಿದ್ದೆ. ಮೂವತ್ತೈದರ ಒಳಗಿನ ಗಟ್ಟಿ ಹೆಂಗಸು. ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದಳು. ನೆಲದಿಂದ ಏಳುವಾಗ ಮೊದಲು ಗೋಡೆ ಮುಟ್ಟುತ್ತಿದ್ದಳು. ಅವಳು ಹೆಣೆಯುವುದು ನಿಲ್ಲಿಸಿ ಬೆರಳು ನೀವಿಕೊಂಡಾಗಲೆಲ್ಲ ಅತ್ತೆ ಕುರ್ಚಿಯಿಂದ ಏನೋ ಅನ್ನುತ್ತಿದ್ದಳು, ಮಿಕ್ಕವರು ತಲೆ ತಗ್ಗಿಸುತ್ತಿದ್ದರು. ಅದರ ಅರ್ಥ ಏನು ಎಂದು ಕೇಳಿದೆ. "ಸೋಮಾರಿ" ಅಂದಳು ಸೊಸೆ, ನಗುತ್ತಲೇ.

ಆ ಏಳುವ ರೀತಿ ನನಗೆ ಗೊತ್ತು. ನಮ್ಮ ಮಂಡ್ಯದ ಕಡೆಗೆ ಆ ಜ್ವರ ಬಂದಾಗ ಕೋಳಿಯಿಂದ ಬರುತ್ತದೆ ಎಂದು ಜನ ಚಿಕನ್ ಬಿಟ್ಟಿದ್ದರು, ಹೆಸರಿನಲ್ಲೇ ಚಿಕನ್ ಇದೆಯಲ್ಲ ಎಂದು. ನಾನೂ ಬಿಟ್ಟಿದ್ದೆ. ಕೋಳಿಗಳು ಬದುಕಿಕೊಂಡವು, ನಾನು ಮೂರು ತಿಂಗಳು ಗೋಡೆ ಹಿಡಿದು ನಡೆದೆ. ಜ್ವರ ಬಂದ ತಾರೀಕು ಕೇಳಿದರೆ ಇವತ್ತಿಗೂ ನನಗೆ ಗೊತ್ತಿಲ್ಲ. ಮುದ್ದೆ ತಿರುವಲು ಕೈಲಾಗದೆ ಮನೆಯವರಿಗೆಲ್ಲ ಗಂಜಿ ಹಾಕಿದ ದಿನ ಯಾವುದು ಅಂದರೆ ಥಟ್ಟನೆ ಹೇಳುತ್ತೇನೆ. ಗೌರಿ ಹಬ್ಬದ ಹಿಂದಿನ ದಿನ. ಮುದ್ದೆ ಕೋಲು ಹಿಡಿದು ಕೂತು ಅತ್ತದ್ದು ಮರೆಯುತ್ತದೆಯೇ.

ಆದ್ದರಿಂದ ಸೊಸೆಯನ್ನು ಜ್ವರದ ಮಾತೇ ಎತ್ತದೆ ಕೇಳಿದೆ: "ನೀನು ಅರ್ಧಕ್ಕೆ ಬಿಟ್ಟ ಚಾಪೆ ಯಾವುದು?"

ಅವಳು ಕೈಯಲ್ಲಿದ್ದ ಎಲೆ ಕೆಳಗಿಟ್ಟಳು. ಮೈದುನನ ಮದುವೆಯ ಚಾಪೆ ಅಂದಳು. ಎರಡು ವರ್ಷದ ಹಿಂದೆ, ದ್ವೀಪದಲ್ಲಿದ್ದಾಗ. ಮದುವೆ ಈಸ್ಟರ್ ಆದ ಎರಡನೆಯ ಶನಿವಾರ. ಅದಕ್ಕೆ ಆರು ವಾರ ಮೊದಲು ಒಂದು ಬೆಳಿಗ್ಗೆ ಎಲೆ ಹಿಡಿಯಲು ಬೆರಳು ಮಡಚಲಿಲ್ಲ. ಪಕ್ಕದವಳು ಕಿವಿಗೊಟ್ಟು ಕೇಳುತ್ತಿದ್ದಳು, ನನ್ನದು ಮಾವನ ಸಾವಿನ ಚಾಪೆ, ಒಂದು ಗೇಣು ಉಳಿದಾಗ ನಿಲ್ಲಿಸಿದೆ ಅಂದಳು. ಇನ್ನೊಬ್ಬಳದು ಮಗುವಿನ ಮೊದಲ ಹುಟ್ಟುಹಬ್ಬದ್ದು. ಅವರಲ್ಲಿ ಸುಮ್ಮನೆ ಚಾಪೆ ಹೆಣೆಯುವುದಿಲ್ಲ. ಒಂದೊಂದು ಚಾಪೆಯೂ ಯಾರದೋ ಮದುವೆಗೆ, ಯಾರದೋ ಮಣ್ಣಿಗೆ, ಯಾವುದೋ ಮಗುವಿಗೆ. ಮದುವೆಗೂ ಸಾವಿಗೂ ಚರ್ಚಿನ ಪುಸ್ತಕದಲ್ಲಿ ತಾರೀಕು ಇರುತ್ತದೆ.

ನಾನು ಹುಡುಗಿಯನ್ನು ನೋಡಿದೆ. ಅವಳ ಪೆನ್ನು ನಿಂತೇ ಇತ್ತು.

"ಬರ್ಕೊಳೇ" ಅಂದೆ.

"ಬರ್ಯಾಕ ಬರಂಗಿಲ್ಲರಿ. ಕಾಗದದಾಗ ಇಲ್ಲದ್ದು ಕೇಳಬಾರದು, ಕೇಳಿದ್ರೂ ಬರೀಬಾರದು. ಯೂನಿವರ್ಸಿಟಿ ಸಮಿತಿ ಒಪ್ಪಿದ ಪ್ರಶ್ನೆ ಅಷ್ಟೇ."

ಪ್ರಶ್ನೆ ಬದಲಿಸಬೇಕಾದರೆ ಮೇಡಂ ಸಹಿ ಮಾಡಿ ಸಮಿತಿಗೆ ಕಳಿಸಬೇಕಂತೆ. ಹುಡುಗಿ ಆ ರಾತ್ರಿಯೇ ಮೇಡಂಗೆ ಬರೆದಳು. ಇಷ್ಟು ತಡವಾಗಿ ಹೊಸ ಪ್ರಶ್ನೆ ಬೇಡ ಎಂದು ಒಂದೇ ಸಾಲಿನ ಉತ್ತರ ಬಂತು. ಅವಳು ಅದನ್ನೇ ತಲೆಗೆ ಹಚ್ಚಿಕೊಂಡು ಕೂತಳು. ಕಾಗದದಲ್ಲಿ ಕೇಳಿದರೆ ಕಾಗದದಲ್ಲೇ ಇಲ್ಲ ಅನ್ನುತ್ತಾರೆ, ಎದುರಿಗೆ ಹೋಗೋಣ ಅಂದೆ ನಾನು. ಮೇಡಂ ಆ ವಾರ ಆಸ್ಟಿನ್‌ನಲ್ಲಿ ಯಾವುದೋ ಸಭೆಯಲ್ಲಿದ್ದರು. ಕರೆಯದೆ ಹೋಗುವುದು ಹೇಗೆ ಎಂದು ಅವಳಿಗೆ ಹೆದರಿಕೆ. ಬೈದರೆ ನನಗೆ ಇಂಗ್ಲಿಷ್ ಅರ್ಥವಾಗುವುದಿಲ್ಲ, ನಿನಗೆ ಅರ್ಧ ಮಾತ್ರ ಸಿಗುತ್ತದೆ ಅಂದೆ. ನಕ್ಕಳು. ಬುಧವಾರ ಬೆಳಿಗ್ಗೆ ಪ್ಲೇನೋದಿಂದ ಹೊರಟೆವು.

ಮೇಡಂ ಸಭೆಯ ಕಟ್ಟಡದ ಹೊರಗೆ ಓಕ್ ಮರದ ಕೆಳಗಿನ ಬೆಂಚಿನಲ್ಲಿ ಕೂತು ಟಾಕೋ ತಿನ್ನುತ್ತಿದ್ದರು. ನಮ್ಮನ್ನು ನೋಡಿ ಗಡಿಯಾರ ನೋಡಿದರು. ಹದಿನೈದು ನಿಮಿಷ ಅಂದರು. ನಾನು ಹುಡುಗಿಗೆ ಹೇಳಿದೆ, ನಾನು ಅಂದದ್ದನ್ನು ಹಾಗೇ ಹೇಳು, ಬೆಣ್ಣೆ ಸವರಬೇಡ.

"ನಿಮಗೆ ಯಾವಾಗಲಾದರೂ ಕಾಲು ನೋವು ಬಂದಿತ್ತಾ, ಬಂದಿದ್ದರೆ ಯಾವ ತಿಂಗಳು?" ಎಂದು ಕೇಳಿದೆ.

ಬಂದಿರಬಹುದು, ತಿಂಗಳು ಯಾರಿಗೆ ನೆನಪಿರುತ್ತದೆ ಅಂದರು.

"ಸರಿ. ಈ ಬೂಟು ಹಾಕಿಕೊಳ್ಳಲು ಆಗದೆ ಹೋದದ್ದು ಯಾವತ್ತು?"

ಮೇಡಂ ಬಾಯಿ ತೆರೆದರು. ಮಗಳ ಕಾಲೇಜಿನ ಪದವಿ ಸಮಾರಂಭದ ದಿನ ಅಂದರು. ಮೊಣಕಾಲು ಊದಿತ್ತು, ತಂಗಿಯ ಚಪ್ಪಲಿ ಹಾಕಿಕೊಂಡು ಹೋದೆ, ಮೇ ತಿಂಗಳ ಎರಡನೆಯ ಶುಕ್ರವಾರ, ಮಳೆ ಬರುತ್ತಿತ್ತು. ಟಾಕೋ ಕೆಳಗಿಟ್ಟರು. ನನ್ನನ್ನು ನೋಡಿದರು. ಆಮೇಲೆ ಹುಡುಗಿಯ ಕಡೆ ತಿರುಗಿ ಬಹಳ ಹೊತ್ತು ಇಂಗ್ಲಿಷಿನಲ್ಲಿ ಮಾತಾಡಿದರು, ಹುಡುಗಿ ಬರೆದುಕೊಂಡದ್ದೇ ಬರೆದುಕೊಂಡದ್ದು. ಹದಿನೈದು ನಿಮಿಷ ಐವತ್ತಾಯಿತು. ಚಾಪೆಯ ತಾರೀಕನ್ನು ಒಬ್ಬರ ಬಾಯಿಂದ ಮಾತ್ರ ತೆಗೆದುಕೊಳ್ಳಬಾರದು, ಎರಡನೆಯವರೊಬ್ಬರು ಹೌದು ಅನ್ನಬೇಕು, ಇಲ್ಲವೇ ಚರ್ಚಿನ ಪುಸ್ತಕ ನೋಡಬೇಕು ಎಂಬ ನಿಯಮ ಅವರೇ ಹಾಕಿದರು. ಒಳ್ಳೆಯ ನಿಯಮ. ನನಗೆ ಹೊಳೆದಿರಲಿಲ್ಲ.

"ಮೇಡಂ ಏನಂದ್ರು ಕಡೀಗೆ?" ಎಂದು ಕಾರಿನಲ್ಲಿ ಕೇಳಿದೆ.

"ಇಷ್ಟ್ ದಿವಸ ಈ ಅಜ್ಜಿನ್ನ ಎಲ್ಲಿ ಬಚ್ಚಿಟ್ಟಿದ್ದಿ ಅಂದ್ರು."

"ಅಡುಗೆಮನೇಲಿ ಅನ್ನಬೇಕಿತ್ತು."

ಸಮಿತಿಯ ಒಪ್ಪಿಗೆ ಬರಲು ಒಂಬತ್ತು ದಿನ ಹಿಡಿಯಿತು. ಆ ಒಂಬತ್ತು ದಿನ ಹುಡುಗಿ ನನಗೆ ದಿನಕ್ಕೆ ನಾಲ್ಕು ಸಲ ಫೋನು ಮಾಡಿ ಇನ್ನೂ ಬಂದಿಲ್ಲ ಎಂದು ಹೇಳಿದಳು. ಬಂದಾಗ ಉಳಿದದ್ದು ಎರಡೇ ಶನಿವಾರ.

ಆ ಎರಡು ಶನಿವಾರಗಳಷ್ಟು ಖುಷಿಯ ಕೆಲಸವನ್ನು ನಾನು ಮಾಡಿದ್ದಿಲ್ಲ. ಸುದ್ದಿ ಹೇಗೋ ಹರಡಿತ್ತು. ಹೆಂಗಸರು ಮನೆಯಿಂದ ಚಾಪೆಗಳನ್ನು ಹೊತ್ತು ತಂದಿದ್ದರು, ಕಾರಿನ ಡಿಕ್ಕಿ ತುಂಬಾ ಸುರುಳಿ. ಹಾಲಿನ ಉದ್ದಗಲಕ್ಕೂ ಬಿಚ್ಚಿದರು. ಇಗೋ ಇಲ್ಲಿ ನೋಡು, ಇಲ್ಲಿಯವರೆಗೆ ನನ್ನ ಕೈ, ಇಲ್ಲಿಂದ ಮುಂದೆ ನನ್ನ ಅಕ್ಕನ ಕೈ ಎಂದು ತೋರಿಸಿದರು. ನಿಜ, ಹೆಣಿಗೆ ಬದಲಾದ ಗೆರೆ ಕಣ್ಣಿಗೆ ಕಾಣುತ್ತಿತ್ತು. ಅಲ್ಲಿಯೇ ಜ್ವರ. ಹುಡುಗಿ ಅಳತೆ ಪಟ್ಟಿ ಹಿಡಿದು ಓಡಾಡಿದಳು. ಮೇಡಂನ ನಿಯಮದ ಪ್ರಕಾರ ಎರಡನೆಯವರನ್ನು ಕೇಳಿದರೆ ಜಗಳ ಶುರು. ಆ ಮದುವೆ ಮೊದಲೋ ಈ ಸಾವು ಮೊದಲೋ. ಗಂಡಸರೂ ಬಂದರು. ಅವರಿಗೆ ಚಾಪೆ ಇಲ್ಲ, ಆದರೆ ಅವರಿಗೂ ಅರ್ಧಕ್ಕೆ ನಿಂತ ಕೆಲಸ ಇತ್ತು. ಮದುವೆಗೆ ಹಂದಿ ಸುಡುವ ಗುಂಡಿ ತೋಡಲಾರದೆ ಅಣ್ಣನ ಕೈಗೆ ಗುದ್ದಲಿ ಕೊಟ್ಟೆ ಅಂದ ಒಬ್ಬ. ಅವನ ಹೆಂಡತಿ, ಈತ ಆರೋಗ್ಯವಾಗಿದ್ದಾಗಲೂ ಗುದ್ದಲಿಯನ್ನು ಅಣ್ಣನಿಗೇ ಕೊಡುವುದು, ಇದನ್ನು ಬರೆದುಕೊಳ್ಳಬೇಡಿ ಅಂದಳು. ಬಿದ್ದು ಬಿದ್ದು ನಕ್ಕರು.

ತಾರೀಕಿನ ಜಗಳ ಬಗೆಹರಿಯದಿದ್ದರೆ ಎಲ್ಲರೂ ಕುರ್ಚಿಯ ಕಡೆ ತಿರುಗುತ್ತಿದ್ದರು. ಹಿರಿಯಾಕೆಗೆ ಇಪ್ಪತ್ತು ವರ್ಷದ ಮದುವೆ, ಸಾವು, ನಾಮಕರಣ ಎಲ್ಲ ಬಾಯಲ್ಲಿತ್ತು. ಚರ್ಚಿನ ಪುಸ್ತಕದ ಪುಟಗಳನ್ನು ಫೋನಿನಲ್ಲಿ ತರಿಸಿ ನೋಡಿದರೆ ಅವಳು ಹೇಳಿದ್ದೇ ಸರಿ ಇರುತ್ತಿತ್ತು. ಬೆರಳು ಮಾತ್ರ ಕೊಡಲಿಲ್ಲ. ನಾವೂ ಕೇಳಲಿಲ್ಲ.

ಕೊನೆಯ ಶನಿವಾರ ಮಧ್ಯಾಹ್ನ ಮೂರಕ್ಕೆ ಐವತ್ತೊಂಬತ್ತನೆಯ ಕಾರ್ಡು ಸ್ಟ್ಯಾಂಡಿಗೆ ಏರಿತ್ತು. ಬರುತ್ತೇನೆ ಅಂದಿದ್ದ ಒಬ್ಬನಿಗೆ ಏರ್‌ಪೋರ್ಟಿನಲ್ಲಿ ಡ್ಯೂಟಿ ಬದಲಾಗಿ ಬರಲಿಲ್ಲ. ಇನ್ನೊಬ್ಬಳಿಗೆ ಆರು ತಿಂಗಳ ಹಿಂದೆ ಆಸ್ಪತ್ರೆಯಲ್ಲಿ ರಕ್ತ ಏರಿಸಿದ್ದರಂತೆ, ಬೇರೆಯವರ ರಕ್ತ ಬೆರೆತರೆ ಲೆಕ್ಕಕ್ಕಿಲ್ಲ. ಹುಡುಗಿ ಬಾಗಿಲ ಕಡೆ ನೋಡುವುದು, ಕಾರ್ಡು ಎಣಿಸುವುದು, ಮತ್ತೆ ಬಾಗಿಲ ಕಡೆ ನೋಡುವುದು. ಐದಕ್ಕೆ ಚರ್ಚಿನ ಹಾಲ್ ಬಿಟ್ಟುಕೊಡಬೇಕು.

ಸೊಸೆಯ ಕಾರ್ಡು ಜುಲೈಯಲ್ಲೇ ಆಗಿತ್ತು, ಅವಳ ಚಾಪೆಯ ತಾರೀಕಿಗೆ ಎರಡನೆಯ ಸಾಕ್ಷಿ ಬಾಕಿ ಇತ್ತು. ಆ ಚಾಪೆ ಈಗ ಮೈದುನನ ಮನೆಯಲ್ಲಿ, ಅವನೇ ತಂದು ಬಿಚ್ಚಿದ. ದೊಡ್ಡ ಚಾಪೆ. ಮೂರರಲ್ಲಿ ಒಂದು ಭಾಗ ಮುಗಿದಲ್ಲಿ ಗೆರೆ. ಸೊಸೆ ಗೆರೆಯ ಮೇಲೆ ಬೆರಳಿಟ್ಟು, ಇಲ್ಲಿ ನಿಲ್ಲಿಸಿದೆ, ಮದುವೆಗೆ ಆರು ವಾರ ಮೊದಲು ಅಂದಳು. ಹುಡುಗಿ ನಿಯಮದಂತೆ ಹಿರಿಯಾಕೆಯನ್ನು ಕೇಳಿದಳು, ಹೌದೇ.

ಹೌದು, ಆದರೆ ಜ್ವರವಲ್ಲ, ಸೋಮಾರಿತನ ಅಂದಳು ಹಿರಿಯಾಕೆ. ಮಿಕ್ಕದ್ದನ್ನೆಲ್ಲ ನಾನು ಹೆಣೆದೆ.

ನಾನು ಆಗಲೇ ಮೊಣಕಾಲೂರಿ ಆ ಮಿಕ್ಕದ್ದನ್ನು ನೋಡುತ್ತಿದ್ದೆ. ಗೆರೆಯಾದ ಮೇಲೆ ಒಂದು ಮೊಳದಷ್ಟು ಅಚ್ಚುಕಟ್ಟು, ಎಲೆ ಎಲೆಗೆ ಕೂತಿತ್ತು. ಆಮೇಲೆ ಹೆಣಿಗೆ ಸಡಿಲ, ಸಾಲು ಸೊಟ್ಟ, ಕೊನೆಕೊನೆಗೆ ಕಲಿಯುವ ಹುಡುಗಿ ಹೆಣೆದ ಹಾಗೆ. ನನಗೆ ಬಾಯಿ ಮುಚ್ಚಿಕೊಂಡು ಅಭ್ಯಾಸವಿಲ್ಲ.

"ಇದೂ ನಿನ್ನ ಕೈಯೇನಾ?" ಎಂದು ಆ ಸೊಟ್ಟ ಸಾಲನ್ನು ತೋರಿಸಿದೆ.

ಕನ್ನಡದಲ್ಲೇ ಕೇಳಿದೆ. ಯಾರೂ ಅನುವಾದ ಮಾಡಲಿಲ್ಲ, ಬೇಕಾಗಿಯೂ ಇರಲಿಲ್ಲ. ಅವರಲ್ಲಿ ಯಾರ ಕೈ ಯಾವುದು ಎಂದು ಎಲ್ಲರಿಗೂ ಗೊತ್ತು, ಹಿರಿಯಾಕೆಯ ಕೈ ಊರಿಗೇ ಹೆಸರಾದದ್ದು. ಆ ಚಾಪೆಯನ್ನು ಮದುವೆಯಾದಾಗಿನಿಂದ ಯಾರೂ ಪೂರ್ತಿ ಬಿಚ್ಚಿ ನೋಡಿರಲಿಲ್ಲ.

ಹಿರಿಯಾಕೆ ಬಹಳ ಹೊತ್ತು ಚಾಪೆ ನೋಡಿದಳು. ಆಮೇಲೆ ನಿಧಾನವಾಗಿ ಮಾತಾಡಿದಳು, ಸೊಸೆ ಅದನ್ನು ಇಂಗ್ಲಿಷಿಗೆ ಮಾಡುತ್ತಾ ಹೋದಳು. ಮದುವೆಗೆ ಮೂರು ವಾರ ಇದ್ದಾಗ ನನ್ನ ಕೈಯೂ ಹೋಯಿತು. ಬೆಳಿಗ್ಗೆ ಮುಷ್ಟಿ ಬಿಚ್ಚುತ್ತಿರಲಿಲ್ಲ, ಬಿಸಿನೀರಿನಲ್ಲಿ ಅದ್ದಿ ಬಿಚ್ಚುತ್ತಿದ್ದೆ. ಬಾಗಿಲು ಹಾಕಿಕೊಂಡು ಹೆಣೆದೆ. ಇವಳು ಮಲಗಿದ್ದಾಳೆ, ನಾನೂ ಮಲಗಿದರೆ ಮಗನ ಮದುವೆಗೆ ಚಾಪೆ ಎಲ್ಲಿ. ನಾನು ಮಾಡಲಿಲ್ಲವೇ, ಇವಳಿಗೆ ಏನು ಕಷ್ಟ ಎಂದು ಸಿಟ್ಟು ಬಂತು. ಆ ಸಿಟ್ಟು ಹೋಗಲಿಲ್ಲ.

ಇಷ್ಟು ಹೇಳಿ ಅವಳು ಕುರ್ಚಿಯ ಎರಡೂ ಕೈ ಹಿಡಿದು ಎದ್ದಳು. ಇಷ್ಟು ದಿನದಲ್ಲಿ ಅವಳು ನಮ್ಮೆದುರು ಎದ್ದದ್ದು ಅದೇ ಮೊದಲು. ಯಾಕೆ ಏಳುತ್ತಿರಲಿಲ್ಲ ಎಂದು ಆಗ ನನಗೆ ಅರ್ಥವಾಯಿತು. ಬಂದು ನೆಲದಲ್ಲಿ, ನನ್ನ ಪಕ್ಕ, ಸದ್ದು ಮಾಡಿ ಕೂತಳು. ಕೈ ಮುಂದೆ ಚಾಚಿದಳು.

ಹುಡುಗಿ ಒಪ್ಪಿಗೆ ಪತ್ರವನ್ನು ಪೂರ್ತಿ ಓದಿದಳು, ಒಂದು ಸಾಲೂ ಬಿಡಲಿಲ್ಲ. ನಾನು ಗ್ಲೌಸು ಹಾಕಿ ಆ ದೊಡ್ಡ ಕೈಯನ್ನು ಉಜ್ಜಿದೆ. ಎಲೆ ಎಳೆದು ಎಳೆದು ಬೆರಳಿನ ಚರ್ಮ ಎಮ್ಮೆ ತೊಗಲಾಗಿತ್ತು. ಮೊದಲ ಸಲ ಚುಚ್ಚಿದ್ದು ಒಳಗೇ ಇಳಿಯಲಿಲ್ಲ. ಇಷ್ಟೇನಾ ನಿಮ್ಮ ಸೂಜಿ ಅಂದಳು ಹಿರಿಯಾಕೆ. ಎರಡನೆಯ ಸಲ ಬಂತು. ಮೊದಲ ಹನಿ ಒರೆಸಿದೆವು. ಎರಡನೆಯದು ದಪ್ಪಗಾಗಿ, ತೂಗಿ, ವೃತ್ತದ ನಡುವೆ ಇಳಿಯಿತು. ಒಂದು, ಎರಡು, ಮೂರು, ನಾಲ್ಕು, ಐದು.

"ಅರವತ್ತು" ಅಂದಳು ಹುಡುಗಿ, ಕನ್ನಡದಲ್ಲಿ. ಅಲ್ಲಿದ್ದವರಿಗೆಲ್ಲ ಅರ್ಥವಾಯಿತು, ಯಾರೋ ಹಾಡಲು ಶುರು ಮಾಡಿದರು.

ನಾನು ಹತ್ತಿ ತೆಗೆದುಕೊಂಡೆ. ಸೊಸೆ ನನ್ನ ಕೈಯಿಂದ ಅದನ್ನು ಇಸಿದುಕೊಂಡು, ಅತ್ತೆಯ ಎದುರು ಕೂತು, ಬೆರಳಿಗೆ ಒತ್ತಿದಳು. ಮೆಲ್ಲಗೆ ಅಂದಳು ಅತ್ತೆ. ಸೊಸೆ ಮೆಲ್ಲಗೆ ಒತ್ತಲಿಲ್ಲ.

ಅತ್ತೆ ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.